ಮೈದಾನಕ್ಕಿಳಿದರೆ ಮನಸ್ಸು ತಾನಾಗಿ ಸರಿಹೋಗುತ್ತದೆಯೇ?

ಪ್ರಶ್ನೆ: ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನನ್ನ ತಮ್ಮ ಗಾಲಿಕುರ್ಚಿಯಲ್ಲಿದ್ದಾನೆ, ಯಾರೊಂದಿಗೂ ಮಾತನಾಡುವುದಿಲ್ಲ. ಆಟಕ್ಕೆ ಸೇರಿಸಿದರೆ ಕೌನ್ಸೆಲಿಂಗ್ ಬೇಕಾಗುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಆಟಕ್ಕೆ ಖಂಡಿತ ಸೇರಿಸಿ, ಕೌನ್ಸೆಲಿಂಗ್ ನಿಲ್ಲಿಸಬೇಡಿ. ಹೊಸ ಒಡನಾಟ, ದಿನಕ್ಕೊಂದು ಶಿಸ್ತು, ತನ್ನ ಮೈ ಇನ್ನೂ ತನ್ನ ಮಾತು ಕೇಳುತ್ತದೆಂಬ ಭರವಸೆ ಆಟದಿಂದ ದೊರೆಯುತ್ತವೆ.

ಆದರೆ ‘ಆಟವಿದ್ದರೆ ಚಿಕಿತ್ಸೆ ಬೇಡ’ ಎಂಬ ನಂಬಿಕೆ ಎಷ್ಟು ಹೇಳಿದರೂ ಅಳಿಯುತ್ತಿಲ್ಲ. 1948ರ ಜುಲೈ 29ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಚಿಕಿತ್ಸೆಯ ವೈದ್ಯ ಡಾ. ಲುಡ್ವಿಗ್ ಗಟ್‌ಮನ್, ಮುಂದೆ ಪ್ಯಾರಾಲಿಂಪಿಕ್ಸ್‌ಗೆ ನಾಂದಿಯಾದ, ಗಾಲಿಕುರ್ಚಿಯಲ್ಲಿದ್ದ 16 ಮಂದಿಯ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದ್ದು ಆಸ್ಪತ್ರೆಯ ಆವರಣದಲ್ಲಿ. ವೈದ್ಯರು, ದಾದಿಯರು, ವ್ಯಾಯಾಮ ಚಿಕಿತ್ಸೆ ಎಲ್ಲವೂ ಇದ್ದ ಕಡೆ ಅವರು ಆಟವನ್ನು ಸೇರಿಸಿದರೇ ಹೊರತು ಅವುಗಳ ಜಾಗದಲ್ಲಿ ಆಟವನ್ನು ತಂದಿಡಲಿಲ್ಲ.

ಮೇಲಾಗಿ, ಆಟ ತನ್ನದೇ ಆದ ಆತಂಕಗಳನ್ನೂ ತರುತ್ತದೆ. ಗಾಲಿಕುರ್ಚಿಯ ಆಟಗಾರನಿಗೆ ಭುಜ ನೋಯತೊಡಗಿದರೆ ಅಭ್ಯಾಸವಷ್ಟೇ ನಿಲ್ಲುವುದಿಲ್ಲ. ಹಾಸಿಗೆಯಿಂದ ಕುರ್ಚಿಗೆ ಜರುಗಲು, ಶೌಚಾಲಯಕ್ಕೆ ಹೋಗಲು ಮತ್ತೆ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಆ ಭಯಕ್ಕೆ ನೋವನ್ನು ಮುಚ್ಚಿಟ್ಟು ಆಡುವವರಿದ್ದಾರೆ. ಇನ್ನು ವರ್ಗೀಕರಣ: ಯಾವ ವೈಕಲ್ಯ, ಎಷ್ಟು ಪ್ರಮಾಣ ಎಂದು ತಜ್ಞರು ಪರೀಕ್ಷಿಸಿ ಯಾವ ವರ್ಗದಲ್ಲಿ ಸ್ಪರ್ಧಿಸಬೇಕೆಂದು ನಿರ್ಧರಿಸುತ್ತಾರೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಒಂದು ಚಿನ್ನ, ಮೂರು ಬೆಳ್ಳಿ ಗೆದ್ದ ಅಮೆರಿಕದ ಈಜುಗಾರ್ತಿ ವಿಕ್ಟೋರಿಯಾ ಆರ್ಲೆನ್, ಮರುವರ್ಷ ಮಾಂಟ್ರಿಯಲ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಸಜ್ಜಾಗಿದ್ದಾಗ, ವೈಕಲ್ಯ ಶಾಶ್ವತವೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂಬ ಕಾರಣಕ್ಕೆ ಅನರ್ಹರೆನಿಸಿಕೊಂಡರು. ಮುಂದೆ ಗುಣವಾಗಬಹುದೆಂಬ ಮಾತು ಯಾವ ಮನೆಗಾದರೂ ಸಿಹಿಸುದ್ದಿ. ಆಕೆಯಿಂದ ಅದು ಸ್ಪರ್ಧೆಯನ್ನೇ ಕಿತ್ತುಕೊಂಡಿತು. ಇಂಥ ಪೆಟ್ಟನ್ನು ಪದಕ ತಡೆಯುವುದಿಲ್ಲ, ಸನ್ಮಾನದ ಶಾಲೂ ತಡೆಯುವುದಿಲ್ಲ. ಎಲ್ಲರೂ ‘ಸ್ಫೂರ್ತಿ’ ಎಂದು ಕೊಂಡಾಡುತ್ತಿರುವಾಗ ‘ನನಗೆ ನಿದ್ದೆ ಬರುತ್ತಿಲ್ಲ’ ಎಂದು ಹೇಳಿಕೊಳ್ಳುವುದು ಇನ್ನೂ ಕಷ್ಟ.

ನಿಮ್ಮ ತಮ್ಮ ಅಭ್ಯಾಸ ತಪ್ಪಿಸತೊಡಗಿದರೆ, ಊಟ-ನಿದ್ದೆ ಕೆಟ್ಟರೆ ಬೈಯಬೇಡಿ, ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಯಾರೂ ಕೇಳದ ಇನ್ನೊಂದು ವಿಷಯವಿದೆ: ಅಂಧ ಓಟಗಾರರ ಜೊತೆ ಓಡುವ ಗೈಡ್‌ಗಳ ಮನಸ್ಸು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಮೀಟರ್ ಇರುವಾಗ ಸ್ನಾಯು ಸೆಳೆತದಿಂದ ಕುಸಿಯುತ್ತಿದ್ದ ಗೈಡ್‌ಗೆ ಆಸರೆಯಾಗಲು ಇಬ್ಬರ ಕೈ ಬೆಸೆದಿದ್ದ ಹಗ್ಗವನ್ನು ಬಿಟ್ಟರು; ಹಗ್ಗ ಬಿಡುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಅನರ್ಹಗೊಂಡು ಆಗ ಕಂಚು ಕೈತಪ್ಪಿತು. ತನ್ನ ದೇಹ ಸೋತು ಇನ್ನೊಬ್ಬರ ಪದಕ ಹೋಯಿತೆಂಬ ಭಾರವನ್ನು ಆ ಗೈಡ್ ಯಾರೊಡನೆ ಹೇಳಿಕೊಳ್ಳಬೇಕು? ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರಂಥ ಓಟಗಾರ್ತಿಯರು ನಮ್ಮಲ್ಲೂ ಗೈಡ್‌ಗಳೊಂದಿಗೆ ಓಡುತ್ತಿರುವಾಗ, ತಂಡದೊಂದಿಗೆ ಹೋಗುವ ಮನಶ್ಶಾಸ್ತ್ರಜ್ಞರು ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಬೇಕು.