ಆಟಕ್ಕುಂಟು, ಲೆಕ್ಕಕ್ಕೆ?

ಬೀದಿಯಲ್ಲಿ ಆಡುವ ಮಕ್ಕಳು ತೀರ ಚಿಕ್ಕವರನ್ನೋ ಓಡಲಾರದವರನ್ನೋ ಅಳಿಸಿ ಕಳಿಸುವುದಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಆ ಮಗು ಎಲ್ಲರೊಂದಿಗೆ ಓಡುತ್ತದೆ, ಕೂಗುತ್ತದೆ. ಆದರೆ ಅದನ್ನು ಮುಟ್ಟಿದರೂ ಔಟಿಲ್ಲ, ಅದು ಮುಟ್ಟಿದರೂ ಯಾರೂ ಔಟಲ್ಲ. ಐದು ವರ್ಷದ ಕೂಸಿಗೆ ಅದು ಅಕ್ಕರೆಯ ಏರ್ಪಾಡು, ಹದಿನಾರು ವರ್ಷದವರಿಗೆ ಅದೇ ಅವಮಾನ. ಬೆಂಗಳೂರಿನ ಶಾಲೆ, ಪಿಯು ಕಾಲೇಜು ಮತ್ತು ಬಡಾವಣೆಗಳಲ್ಲಿ ಹದಿನೆಂಟು ವರ್ಷಗಳಿಂದ ಹದಿಹರೆಯದವರೊಂದಿಗೆ ನಾಟಕ ಕಟ್ಟುತ್ತ ಬಂದಿರುವ ನನಗೆ, ಕಲೆಯ ಮೂಲಕ ಎಲ್ಲರನ್ನೂ ಒಳಗೊಳ್ಳುತ್ತೇವೆಂದು ಹೊರಟ ಕಾರ್ಯಕ್ರಮಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ಮನವರಿಕೆಯಾಗಿದೆ. ವೇದಿಕೆಯ ಮೇಲೆ ಎಲ್ಲರಿಗೂ ಜಾಗ ಸಿಗುತ್ತದೆ, ತೀರ್ಮಾನದಲ್ಲಿ ಪಾಲು ಸಿಗುವುದಿಲ್ಲ.

‘ಒಳಗೊಳ್ಳುವಿಕೆ’ ಎಂಬ ಪದದಲ್ಲೇ ಒಂದು ತೊಡಕಿದೆ. ಒಳಗೊಳ್ಳುವವರು ಈಗಾಗಲೇ ಒಳಗಿದ್ದಾರೆ, ಬಾಗಿಲು ಅವರ ಕೈಯಲ್ಲಿದೆ ಎಂಬ ಭಾವ ಅದರಲ್ಲಿ ಅಡಗಿದೆ. ಒಂದು ತಂಡ ತಮ್ಮದೆನ್ನಿಸಿದಾಗ ಹುಡುಗರು ಹೇಳುವ ಮಾತು ಬೇರೆಯೇ: ‘ಇದು ನಮ್ದು’. ಈ ಎರಡರ ನಡುವಿನ ಅಂತರವನ್ನು ಅಳೆಯಲು ಮಕ್ಕಳ ಭಾಗವಹಿಸುವಿಕೆಯ ಬಗ್ಗೆ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದ ಎಂಟು ಮೆಟ್ಟಿಲುಗಳ ಏಣಿ ನನಗೆ ಇಂದಿಗೂ ನೆರವಾಗುತ್ತದೆ. ದೊಡ್ಡವರು ತಮ್ಮ ಉದ್ದೇಶಕ್ಕೆ ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಅಭಿಪ್ರಾಯ ಕೇಳುವುದು, ಈ ಕೆಳಗಿನ ಮೂರು ಮೆಟ್ಟಿಲುಗಳನ್ನು ಆತ ಭಾಗವಹಿಸುವಿಕೆಯೆಂದೇ ಒಪ್ಪುವುದಿಲ್ಲ. ಅತ್ಯಂತ ಮೇಲಿನ ಮೆಟ್ಟಿಲಲ್ಲಿ ಮಕ್ಕಳಷ್ಟೇ ಇಲ್ಲ. ಕೆಲಸವನ್ನು ಅವರು ಆರಂಭಿಸಿ, ದೊಡ್ಡವರೊಂದಿಗೆ ಸೇರಿ ತೀರ್ಮಾನಿಸುತ್ತಾರೆ. ವಾರ್ಷಿಕೋತ್ಸವದಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿನಿಯ ಕೈಗೆ ಏಕತೆಯ ಫಲಕ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದಾಗ ನಾವು ಎರಡನೆಯ ಮೆಟ್ಟಿಲಿನಲ್ಲಿದ್ದೇವೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು 12ನೆಯ ವಿಧಿಯಲ್ಲಿದೆ, ಕಲೆ ಮತ್ತು ಸಾಂಸ್ಕೃತಿಕ ಜೀವನದಲ್ಲಿ ಪಾಲ್ಗೊಳ್ಳುವ ಹಕ್ಕು 31ನೆಯ ವಿಧಿಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಓದಬೇಕೆಂಬುದು ನನ್ನ ವಾದ. ಬಿಡಿಬಿಡಿಯಾಗಿ ಓದಿದ್ದರಿಂದಲೇ ಕುಣಿಯಲು ಕರೆದವರನ್ನು ಮಾತಿಗೆ ಕರೆಯದ ರೂಢಿ ಬೆಳೆದಿದೆ.

ನನ್ನ ಈಗಿನ ತಂಡ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಬಡಾವಣೆಯದು. ಹದಿನೈದರಿಂದ ಹತ್ತೊಂಬತ್ತು ವರ್ಷದ ಇಪ್ಪತ್ತೆರಡು ಮಂದಿ. ಮನೆಯಲ್ಲಿ ಆಡುವ ಮಾತು ತುಮಕೂರಿನ ಕನ್ನಡ, ಯಾದಗಿರಿಯ ಕನ್ನಡ, ದಖನಿ ಉರ್ದು, ತಮಿಳು, ತೆಲುಗು, ನೇಪಾಳಿ. ಮೊದಲ ವಾರಗಳಲ್ಲಿ ಬಾಯಿ ಬಿಡದೆ ಕುಳಿತದ್ದು ನೇಪಾಳದ ಹುಡುಗನಲ್ಲ. ಅವನಿಗೆ ಪದ ಹೇಳಿಕೊಡಲು ನಾಲ್ಕು ಜನ ಮುಂದೆ ಬರುತ್ತಿದ್ದರು. ಮೌನವಾಗಿದ್ದವಳು ಯಾದಗಿರಿ ಜಿಲ್ಲೆಯ ಕಟ್ಟಡ ಕಾರ್ಮಿಕರ ಮಗಳು, ಅಚ್ಚ ಕನ್ನಡತಿ. ಅವಳು ‘ಬರಂಗಿಲ್ರೀ’ ಎಂದ ತಕ್ಷಣ ಕೋಣೆಯಲ್ಲಿ ನಗೆ ಏಳುತ್ತಿತ್ತು. ಕಾರಣ ಕೇಳಿದರೆ, ‘ನಮ್ಮ ಭಾಷಾ ಛಲೋ ಇಲ್ರೀ ಅಕ್ಕಾ’ ಎಂದಳು. ನಕ್ಕವರಲ್ಲಿ ಕೇಡಿನ ಬುದ್ಧಿ ಇರಲಿಲ್ಲ. ಆ ಧಾಟಿ ಕೇಳಿದರೆ ನಗಬೇಕೆಂದು ಅವರು ಹಾಸ್ಯ ಕಾರ್ಯಕ್ರಮಗಳಿಂದ ಕಲಿತಿದ್ದರು. ಬೆಂಗಳೂರಿನಲ್ಲಿ ಭಾಷೆಯ ಮಾತು ಬಂದಾಗ ನಾವು ಕನ್ನಡ ಮತ್ತು ಇತರ ಭಾಷೆಗಳ ನಡುವಿನ ಗೆರೆಯನ್ನಷ್ಟೇ ನೋಡುತ್ತೇವೆ, ಕನ್ನಡದೊಳಗೆ ಎಳೆದ ಗೆರೆ ಕಣ್ಣಿಗೆ ಬೀಳುವುದಿಲ್ಲ.

ಬೇರೆ ಬೇರೆ ಹಿನ್ನೆಲೆಯ ಹುಡುಗರನ್ನು ಒಂದೇ ಕೋಣೆಗೆ ತಂದರೆ ಸಾಕು, ತಾನಾಗಿಯೇ ಸ್ನೇಹ ಬೆಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮನೋವಿಜ್ಞಾನಿ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ನಾಲ್ಕು ಷರತ್ತುಗಳನ್ನು ಮುಂದಿಟ್ಟಿದ್ದ: ಆ ಸಂದರ್ಭದಲ್ಲಿ ಎಲ್ಲರಿಗೂ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಆಗಿರಬೇಕು, ಗುರಿ ಮುಟ್ಟಲು ಒಬ್ಬರಿಗೊಬ್ಬರು ಬೇಕಾಗಬೇಕು, ಮತ್ತು ಅಧಿಕಾರದಲ್ಲಿರುವವರ ಬೆಂಬಲ ಕಾಣುವಂತಿರಬೇಕು. ಮೂರನೆಯ ಷರತ್ತನ್ನು ತರಗತಿಗೆ ಇಳಿಸಿದವರಲ್ಲಿ ಎಲಿಯಟ್ ಆರನ್ಸನ್ ಮುಖ್ಯ. 1971ರಲ್ಲಿ, ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ತರಗತಿಯಲ್ಲಿ ಕೂರತೊಡಗಿದ್ದ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ಆತ ಪಾಠವನ್ನು ತುಂಡು ತುಂಡಾಗಿಸಿ ಪ್ರತಿ ಮಗುವಿಗೂ ಒಂದೊಂದು ತುಂಡನ್ನು ಕೊಟ್ಟ; ಉಳಿದವರಿಂದ ಕೇಳಿ ಕಲಿಯದೆ ಯಾರಿಗೂ ಪೂರ್ತಿ ಪಾಠ ಸಿಗದಂತೆ ಮಾಡಿದ. ನಾಟಕದ ತಾಲೀಮಿನಲ್ಲಿ ಈ ಏರ್ಪಾಡು ಸಹಜವಾಗಿಯೇ ಇದೆ. ಒಬ್ಬರು ಬಾರದಿದ್ದರೆ ದೃಶ್ಯ ನಿಲ್ಲುತ್ತದೆ.

ನಮ್ಮ ತಂಡ ಚರ್ಚಿಸಿ ಆರಿಸಿಕೊಂಡದ್ದು ಅಪಾರ್ಟ್‌ಮೆಂಟ್ ಕಟ್ಟುವ ಕುಟುಂಬವೊಂದರ ಕಥೆ. ಸೆಂಟ್ರಿಂಗ್ ಎಂದರೇನು, ಗಾರೆ ತುಂಬಿದ ಬಾಂಡ್ಲಿಯನ್ನು ತಲೆಯ ಮೇಲೆ ಹೊತ್ತಾಗ ಕತ್ತು ಹೇಗಿರುತ್ತದೆ, ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೇಗೆ ಕಳೆಯುತ್ತದೆ ಎಂಬುದು ಇಪ್ಪತ್ತೆರಡು ಜನರಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ನಕ್ಕವರೇ ಆ ನಡಿಗೆಯನ್ನೂ ಆ ಧಾಟಿಯನ್ನೂ ಅವಳ ಮುಂದೆ ನಿಂತು ಕಲಿಯಬೇಕಾಯಿತು. ಅವಳು ತಿದ್ದಿದಳು, ಮತ್ತೆ ಮತ್ತೆ ಹೇಳಿಸಿದಳು, ಒಬ್ಬನನ್ನಂತೂ ಒಂದೇ ಸಾಲಿಗೆ ಹನ್ನೊಂದು ಸಲ ನಿಲ್ಲಿಸಿದಳು. ನಾಲ್ಕನೆಯ ಷರತ್ತು ನನ್ನ ಪಾಲಿಗೆ ಬಂದದ್ದು ಆಮೇಲೆ. ತಾಲೀಮು ನೋಡಲು ಬಂದ ಹಿರಿಯರೊಬ್ಬರು ಆ ಮಾತುಗಳನ್ನು ‘ಎಲ್ಲರಿಗೂ ಅರ್ಥವಾಗುವ ಕನ್ನಡಕ್ಕೆ’ ತಿದ್ದಿಸಲು ಸೂಚಿಸಿದಾಗ, ಹುಡುಗರ ಎದುರಿನಲ್ಲೇ ಸಾಧ್ಯವಿಲ್ಲವೆಂದು ಹೇಳಿದೆ. ಅದನ್ನು ಅವರ ಎದುರಿನಲ್ಲೇ ಹೇಳುವುದು ಮುಖ್ಯವಾಗಿತ್ತು.

ನಾನು ತಪ್ಪಿದ ಸಂದರ್ಭವೊಂದನ್ನೂ ಇಲ್ಲಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದಿನ ತಂಡದಲ್ಲಿ ಒಬ್ಬ ಹುಡುಗನ ತಾತ ಊರಿನಲ್ಲಿ ತಮಟೆ ಕಲಾವಿದರೆಂದು ನನಗೆ ತಿಳಿಯಿತು. ತಲೆಮಾರುಗಳಿಂದ ದಲಿತ ಸಮುದಾಯಗಳ ಮೇಲೆ ಹೊರಿಸಿದ್ದ ಆ ವಾದ್ಯಕ್ಕೆ ನಾಟಕದ ನಡುಮಧ್ಯೆ ಗೌರವದ ಸ್ಥಾನ ಕೊಡಬೇಕೆಂಬ ಉತ್ಸಾಹದಲ್ಲಿ ತಮಟೆಯನ್ನು ಅವನ ಕೈಗೇ ಕೊಟ್ಟೆ. ಎರಡು ವಾರ ಬಹಳ ಚೆನ್ನಾಗಿ ಬಾರಿಸಿದ. ಮೂರನೆಯ ವಾರ ಬರಲಿಲ್ಲ. ಮನೆಗೆ ಹೋದೆ. ಅವನ ತಾಯಿ ಟೀ ಕೊಟ್ಟು ಒಳಗೆ ಹೋದ ಮೇಲೆ ಅವನು ಕೇಳಿದ: ‘ಊರಲ್ಲಿ ತಾತ ಬಾರಿಸ್ತಿದ್ರು ಅಂತ ಇಲ್ಲೂ ನಾನೇ ಬಾರಿಸ್ಬೇಕಾ ಅಕ್ಕಾ? ನಂಗೆ ಲೈಟ್ಸ್ ಬೇಕಿತ್ತು.’ ಊರು ಅವನ ತಾತನಿಗೆ ಕೇಳದೆ ಒಪ್ಪಿಸಿದ್ದನ್ನು, ನಾನು ಬೆಂಗಳೂರಿನಲ್ಲಿ ಕಲೆಯ ಹೆಸರಿನಲ್ಲಿ ಕೇಳದೆಯೇ ಅವನಿಗೆ ಒಪ್ಪಿಸಿದ್ದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆ ಹುಡುಗನ ನೆನಪೇ ಮೊದಲು ಬಂತು. ಕಲೆಗೆ ಮನ್ನಣೆ ಸಿಕ್ಕಿದೆಯೆಂದ ಮಾತ್ರಕ್ಕೆ ಅದನ್ನು ಬೇಡವೆನ್ನುವ ಹಕ್ಕು ಯಾರಿಗೂ ತಪ್ಪಿಹೋಗಬಾರದು.

ಅಂದಿನಿಂದ ನಾನು ಯಾವ ವಾದ್ಯವನ್ನೂ ಯಾವ ಪಾತ್ರವನ್ನೂ ಹುಟ್ಟಿನ ಗುರುತು ನೋಡಿ ಹಂಚುವುದಿಲ್ಲ. ವಾದ್ಯಗಳು, ಬಣ್ಣ, ಬಟ್ಟೆ, ದೀಪದ ಸಲಕರಣೆ ಎಲ್ಲವನ್ನೂ ನೆಲದ ಮೇಲೆ ಹರಡಿ ಒಂದು ವಾರ ಮುಟ್ಟಿ ನೋಡಲು ಬಿಡುತ್ತೇವೆ. ಎರಡನೆಯ ವಾರ ಅವರವರೇ ಆರಿಸಿಕೊಳ್ಳುತ್ತಾರೆ. ಆ ಹುಡುಗ ಬೆಳಕಿನ ವಿಭಾಗಕ್ಕೆ ಮರಳಿ ಬಂದ. ತಮಟೆಯನ್ನು ಆ ಸಲ ಮೂವರು ಹುಡುಗಿಯರು ಕಲಿತರು. ಪೆಟ್ಟು ತಪ್ಪಿದಾಗ ಅವನು ಲೈಟ್ ಬೋರ್ಡಿನ ಹಿಂದಿನಿಂದ ಎದ್ದುಬಂದು ಕೈ ಹಿಡಿದು ತೋರಿಸಿದ್ದುಂಟು, ಯಾರೂ ಕೇಳದೆ.

ನಾಯಕತ್ವದ ವಿಷಯಕ್ಕೆ ಬಂದರೆ, ನಮ್ಮ ಶಾಲೆಗಳಲ್ಲಿ ಲೀಡರ್ ಎಂದರೆ ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಆ ಚಿತ್ರ ಮನಸ್ಸಿನಲ್ಲಿ ಬಲವಾಗಿ ಕೂತಿರುವುದರಿಂದ, ‘ನೀವೇ ನಡೆಸಿ’ ಎಂದರೆ ಹುಡುಗರು ಮೊದಲು ಮಾಡುವ ಕೆಲಸ ಇನ್ನೊಬ್ಬರನ್ನು ಗದರುವುದು. ದೊಡ್ಡವರಾದ ನಾವೋ, ಇಂಗ್ಲಿಷ್ ಸರಾಗವಾಗಿ ಬರುವ ಒಬ್ಬರನ್ನು ಗುರುತಿಸಿ ಅವರನ್ನೇ ಪ್ರತಿ ವೇದಿಕೆಗೂ ಕಳಿಸುತ್ತೇವೆ. ನನ್ನ ತಂಡಗಳಲ್ಲಿ ಪಾಳಿಯ ಪದ್ಧತಿ ಇದೆ. ಪ್ರತಿ ಶನಿವಾರ ಇಬ್ಬರು ತಾಲೀಮು ನಡೆಸುತ್ತಾರೆ, ಒಬ್ಬರಿಗೊಬ್ಬರು ಹೆಚ್ಚು ಪರಿಚಯವಿಲ್ಲದವರೇ ಜೋಡಿ. ಕಿವಿ ಕೇಳದ ಹುಡುಗನ ಪಾಳಿ ಬಂದ ದಿನ ಮೊದಲ ಅರ್ಧ ಗಂಟೆ ಯಾರೂ ಮಾತಾಡುವಂತಿರಲಿಲ್ಲ, ಎಲ್ಲವೂ ಕಣ್ಣು ಮತ್ತು ಕೈಯಲ್ಲೇ ನಡೆಯಬೇಕಿತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ಪೇಚಾಡಿದವರು ಆ ದಿನ ಉಳಿದ ಇಪ್ಪತ್ತೊಂದು ಜನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಹಲವು ನೋಡಿದ ಕೂಡಲೇ ತಿಳಿಯುವಂಥವಲ್ಲ. ಆದ್ದರಿಂದ ‘ನಿನಗೆ ಇಲ್ಲಿ ಕೆಲಸ ಮಾಡಲು ಏನು ಬೇಕು?’ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಕೇಳುತ್ತೇವೆ.

ಎರಡು ತೀರ್ಮಾನಗಳನ್ನು ಹುಡುಗರ ಕೈಗೆ ಕೊಡದಿದ್ದರೆ ಉಳಿದದ್ದೆಲ್ಲ ತೋರಿಕೆಯಾಗುತ್ತದೆ: ಸಮಯ ಮತ್ತು ಹಣ. ಸಂಜೆ ಆರೂವರೆಗೆ ತಾಲೀಮು ಇಟ್ಟರೆ ಅರ್ಧ ಹುಡುಗಿಯರು ಹೇಳದೆಯೇ ಉದುರಿಹೋಗುತ್ತಾರೆ, ಬೇಕರಿಯಲ್ಲಿ ಸಂಜೆ ಪಾಳಿ ಮಾಡುವವನು ಹೋಗುತ್ತಾನೆ, ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬೇಕಾದವರು ಹೋಗುತ್ತಾರೆ. ಹೊರಗಿಡುವ ಉದ್ದೇಶ ಯಾರಿಗೂ ಇರದಿದ್ದರೂ ವೇಳಾಪಟ್ಟಿ ಆ ಕೆಲಸ ಮುಗಿಸಿರುತ್ತದೆ. ಲೆಕ್ಕದ ಪುಸ್ತಕ ಕೈಗೆ ಬಂದಾಗ ನಮ್ಮ ತಂಡ ಮಾಡಿದ ಮೊದಲ ಬದಲಾವಣೆ ವೇಷಭೂಷಣದ ಹಣವನ್ನು ಕಡಿತಗೊಳಿಸಿ ಸಂಜ್ಞಾ ಭಾಷೆಯ ಅನುವಾದಕರಿಗೂ ತಡವಾದ ದಿನಗಳ ಆಟೋ ಬಾಡಿಗೆಗೂ ತೆಗೆದಿಟ್ಟದ್ದು. ನಾನೇ ಬಜೆಟ್ ಮಾಡಿದ್ದರೆ ಹೊಳೆಯುತ್ತಿದ್ದದ್ದು ಬಟ್ಟೆಯ ಬಣ್ಣ.

ಚಿತ್ರಕಲೆಯಲ್ಲೂ ಇದೇ ಮಾತು ನಿಲ್ಲುತ್ತದೆ. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಟ್ರಾನ್ಸ್ ಮಹಿಳೆಯರು ತಾವೇ ಕುಂಚ ಹಿಡಿದು ನಗರದ ಗೋಡೆಗಳಲ್ಲಿ ಚಿತ್ರ ಬರೆಯುತ್ತಾರೆ. ಮತ್ತೊಬ್ಬರು ಅವರ ಬಗ್ಗೆ ಬರೆದ ಚಿತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. 2019ರಲ್ಲಿ ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ನನ್ನ ತಂಡದ ಹುಡುಗರು ಗಮನಿಸಿದ್ದೂ ಇದನ್ನೇ: ಅವರು ಈ ಸಲ ಆಹ್ವಾನ ಪಡೆಯುವವರಲ್ಲ, ಕೊಡುವವರು.

ಅಪರಿಚಿತ ಪ್ರೇಕ್ಷಕರೆದುರು ಹೋದಾಗ ನಾವು ಹೆಚ್ಚು ನೆಚ್ಚಿಕೊಂಡಿರುವುದು ಬ್ರೆಜಿಲಿನ ಅಗಸ್ಟೊ ಬೋಲ್ ರೂಪಿಸಿದ ಫೋರಂ ರಂಗಭೂಮಿಯ ಕ್ರಮವನ್ನು. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡದ ಬೀದಿನಾಟಕಗಳನ್ನು ಕಂಡ ಈ ನಗರಕ್ಕೆ ಬೀದಿಯಲ್ಲಿ ನಾಟಕ ಹೊಸದಲ್ಲ, ಫೋರಂನಲ್ಲಿ ಹೆಚ್ಚುವರಿಯಾಗಿ, ಅನ್ಯಾಯ ನಡೆಯುವ ಸಣ್ಣ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿ, ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದುಬಂದು ಪಾತ್ರವೊಂದರ ಜಾಗದಲ್ಲಿ ನಿಂತು ಬೇರೆ ರೀತಿ ನಡೆದುಕೊಳ್ಳಬಹುದು. ಹುಡುಗರು ಕಟ್ಟಿದ ದೃಶ್ಯ ಎಲ್ಲರಿಗೂ ಗೊತ್ತಿರುವುದೇ. ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು, ಬಾಗಿಲು ತಟ್ಟುವ ಇಬ್ಬರು, ಅಡ್ವಾನ್ಸಿನ ಮಾತಿಗೂ ಮೊದಲು ಬರುವ ಆ ಪ್ರಶ್ನೆ: ‘ನೀವು ಯಾವ ಜನ?’ ಒಂದು ಪ್ರದರ್ಶನದಲ್ಲಿ ಬಾಡಿಗೆದಾರರ ಜಾಗಕ್ಕೆ ಆರು ಮಂದಿ ಬಂದರು. ಕೆಲವರು ಸುಳ್ಳು ಹೇಳಿದರು, ಒಬ್ಬರು ಜಗಳ ತೆಗೆದರು, ಯಾರಿಗೂ ಮನೆ ಸಿಗಲಿಲ್ಲ. ಆಗ ವಯಸ್ಸಾದ ಒಬ್ಬ ಅಮ್ಮ ಎದ್ದು, ತಾನು ಮನೆ ಒಡತಿಯ ಪಾತ್ರಕ್ಕೆ ಬರುತ್ತೇನೆಂದರು. ನೊಂದವರ ಪಾತ್ರವನ್ನೇ ಬದಲಿಸಬೇಕೆಂಬುದು ಬೋಲ್‌ನ ಮೂಲ ನಿಯಮ. ಆದರೆ ಆ ದಿನ ಆಟ ನಡೆಸುತ್ತಿದ್ದ ಹುಡುಗಿ ಕ್ಷಣಕಾಲ ಯೋಚಿಸಿ ಒಪ್ಪಿದಳು. ಆ ಅಮ್ಮ ಬಾಗಿಲು ತೆಗೆದು, ಬಹಳ ಹೊತ್ತು ಸುಮ್ಮನಿದ್ದು, ‘ಎಷ್ಟ್ ಜನ ಇರ್ತೀರಾ?’ ಎಂದಷ್ಟೇ ಕೇಳಿದರು. ನಿಯಮ ಮುರಿದದ್ದು ಸರಿಯೋ ಎಂದು ಅವಳು ಆಮೇಲೆ ನನ್ನನ್ನು ಕೇಳಿದಳು. ಸರಿ ಎಂದೆ, ಈಗಲೂ ಹಾಗೆಯೇ ಅನ್ನಿಸುತ್ತದೆ.

ಈ ಕೆಲಸಕ್ಕೆ ಇಳಿಯುವ ಶಿಕ್ಷಕರಿಗೆ ಒಂದು ಎಚ್ಚರಿಕೆ ಅಗತ್ಯ. ಹುಡುಗರ ಸ್ವಂತ ನೋವನ್ನು ಅವರ ಬಾಯಲ್ಲೇ ವೇದಿಕೆಯ ಮೇಲೆ ಹೇಳಿಸಬೇಡಿ. ಚಪ್ಪಾಳೆ ಬರುತ್ತದೆ, ಆದರೆ ಮರುದಿನ ಅದೇ ಬೀದಿಯಲ್ಲಿ ಓಡಾಡಬೇಕಾದವರು ಅವರು. ಹಲವರ ಅನುಭವಗಳನ್ನು ಕಲಸಿ ಮೂರನೆಯ ಪಾತ್ರವೊಂದನ್ನು ಕಟ್ಟಿ, ಅದನ್ನು ಬೇರೊಬ್ಬರು ಆಡಲಿ. ತಾಲೀಮಿನಲ್ಲಿ ಹದಿನೆಂಟರೊಳಗಿನವರು ಲೈಂಗಿಕ ದೌರ್ಜನ್ಯದ ಬಗ್ಗೆ ತಿಳಿಸಿದರೆ, 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮೊದಲೇ ಕೊಟ್ಟುಬಿಡಬಾರದು.

ಪೀಣ್ಯದ ತಂಡದ ಮೊದಲ ಪ್ರದರ್ಶನವನ್ನು ರವೀಂದ್ರ ಕಲಾಕ್ಷೇತ್ರದ ಆವರಣದ ಸಂಸ ಬಯಲು ರಂಗಮಂದಿರದಲ್ಲಿ ಮಾಡಬೇಕೆಂಬುದು ನನ್ನ ಆಸೆಯಾಗಿತ್ತು. ಹುಡುಗರು ಎರಡು ಶನಿವಾರ ಚರ್ಚಿಸಿದರು. ನಾಟಕ ಯಾರ ಬಗ್ಗೆ ಇದೆಯೋ ಅವರಿಗೆ ಅಷ್ಟು ದೂರ ಬಂದು ಹೋಗಲು ಬಿಡುವಿರುವುದಿಲ್ಲ ಎಂದು ಯಾದಗಿರಿಯ ಹುಡುಗಿ ಹೇಳಿದ್ದು ಹೆಚ್ಚಿನವರಿಗೆ ಒಪ್ಪಿಗೆಯಾಯಿತು. ಕೆಲಸಕ್ಕೆ ರಜೆಯಿರುವ ಭಾನುವಾರ ಸಂಜೆ ಏಳಕ್ಕೆ, ಕಟ್ಟಡದ ಹಿಂದಿನ ಶೆಡ್ಡುಗಳ ನಡುವಿನ ಖಾಲಿ ಜಾಗದಲ್ಲಿ ಆಟ ನಡೆಯಲಿದೆ. ಕೆಲಸ ಹಂಚಿದ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯಲ್ಲಿದೆ: ಆರು ಗಂಟೆಗೆ ಬರಬೇಕು, ಉದ್ದದ ವೈರಿರುವ ಎಕ್ಸ್‌ಟೆನ್ಷನ್ ಬೋರ್ಡ್ ತರಬೇಕು.