ತುಂಡಾದ ದೇಹ ಸಿಕ್ಕರೆ ಅದು ಕೊಲೆಯೇ?

ಶವಪರೀಕ್ಷೆಯ ಪಾಠ ಮಾಡುವಾಗ ನಾನು ಹುಡುಗರ ಮುಂದೆ ಒಂದು ಹಳೇ ಕೇಸ್ ಇಡುತ್ತೇನೆ. ತಲೆ ಇಲ್ಲ, ಕೈಕಾಲಿಲ್ಲ, ಬಟ್ಟೆಯಲ್ಲಿ ಸುತ್ತಿ ದಾರ ಬಿಗಿದ ಹೆಣ್ಣಿನ ಮುಂಡ. ಸಾವು ಹೇಗಾಯಿತು? 'ಮರ್ಡರ್ ಸರ್' ಅಂತ ತಕ್ಷಣ ಉತ್ತರ ಬರುತ್ತದೆ. ಸುಮ್ನೆ ಯಾರಾದರೂ ಹೆಣ ಕತ್ತರಿಸುತ್ತಾರಾ ಎಂಬುದು ಅವರ ವಾದ. ಕತ್ತರಿಸುವುದಿಲ್ಲ, ನಿಜ. ಆದರೆ ಆ ಕೊಯ್ತ ಹೇಳುವುದು ಇಷ್ಟೇ: ಯಾರೋ ಈ ಹೆಣವನ್ನು ಮುಚ್ಚಿಡಲು ನೋಡಿದ್ದಾರೆ. ಸಾವು ಹೇಗೆ ಬಂತು ಎಂದು ಅದು ಹೇಳುವುದಿಲ್ಲ.

ಆ ಮುಂಡ ಸಿಕ್ಕಿದ್ದು ಲಂಡನ್ನಿನಲ್ಲಿ, 1888ರ ಅಕ್ಟೋಬರ್ 2ರಂದು. ಅದೂ ಪೊಲೀಸರಿಗಾಗಿಯೇ ಕಟ್ಟುತ್ತಿದ್ದ ಹೊಸ ಸ್ಕಾಟ್ಲೆಂಡ್ ಯಾರ್ಡ್ ಕಟ್ಟಡದ ಕತ್ತಲೆಯ ನೆಲಮಾಳಿಗೆಯಲ್ಲಿ. ಸೆಪ್ಟೆಂಬರ್ 11ರಂದು ಪಿಮ್ಲಿಕೊ ಬಳಿ ಥೇಮ್ಸ್ ನದಿಯಲ್ಲಿ ಒಂದು ತೋಳು ಸಿಕ್ಕಿತ್ತು. ಮೊದಲು ಅದನ್ನು ವೈದ್ಯ ವಿದ್ಯಾರ್ಥಿಗಳ ತಮಾಷೆ ಎಂದುಕೊಂಡವರೂ ಇದ್ದರು. ತೋಳು ಈ ಮುಂಡಕ್ಕೆ ಸರಿಯಾಗಿ ಕೂತಿತು. ಆಮೇಲೆ ಅದೇ ನೆಲಮಾಳಿಗೆಯ ಮಣ್ಣಿನಡಿಯಿಂದ ಒಂದು ನಾಯಿ ಕಾಲನ್ನೂ ಪತ್ತೆ ಮಾಡಿತು. ತಲೆ ಮಾತ್ರ ಕೊನೆಗೂ ಸಿಗಲಿಲ್ಲ.

ಪರೀಕ್ಷೆ ಮಾಡಿದ್ದು ಸರ್ಜನ್ ಥಾಮಸ್ ಬಾಂಡ್ ಮತ್ತು ಅವರ ಸಹಾಯಕ ಚಾರ್ಲ್ಸ್ ಹಿಬರ್ಟ್. ಬಾಂಡ್ ಅವರ ಸಾಕ್ಷ್ಯ ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಹೃದಯ ಬಿಳಿಚಿದೆ, ಅದರೊಳಗೆ ಹೆಪ್ಪುಗಟ್ಟಿದ ರಕ್ತ ಇಲ್ಲ. ಹಾಗಾಗಿ ಉಸಿರುಗಟ್ಟಿ ಅಥವಾ ಮುಳುಗಿ ಸತ್ತಂತೆ ಕಾಣುವುದಿಲ್ಲ. ರಕ್ತ ಹೋಗಿ ಸತ್ತಿರಬಹುದು, ಖಚಿತವಾಗಿ ಹೇಳಲಾರೆ ಎಂದರು. ಕರೋನರ್ (ಅಸಹಜ ಸಾವಿನ ವಿಚಾರಣೆ ನಡೆಸುವ ಅಧಿಕಾರಿ) ಎದುರಿನ ಜ್ಯೂರಿ ಕೊಟ್ಟ ತೀರ್ಪು 'ಸತ್ತ ಸ್ಥಿತಿಯಲ್ಲಿ ಸಿಕ್ಕಿದ್ದು' ಎಂದಷ್ಟೇ.

ಮರುವರ್ಷ ಸೆಪ್ಟೆಂಬರ್ 10ರಂದು ಲಂಡನ್ನಿನದೇ ಪಿಂಚಿನ್ ಸ್ಟ್ರೀಟಿನ ರೈಲ್ವೆ ಕಮಾನಿನ ಕೆಳಗೆ ಇನ್ನೊಂದು ಮುಂಡ ಸಿಕ್ಕಿತು. ಅಲ್ಲೂ ತಲೆ ಇಲ್ಲ, ಅಲ್ಲೂ ರಕ್ತ ಹೋಗಿ ಸಾವು ಎಂಬ ವೈದ್ಯರ ಮಾತು. ಆದರೆ ಈ ಸಲ ಜ್ಯೂರಿ 'ಉದ್ದೇಶಪೂರ್ವಕ ಕೊಲೆ' ಎಂದಿತು. ಹೆಚ್ಚುಕಡಿಮೆ ಅದೇ ವೈದ್ಯಕೀಯ ಸಾಕ್ಷ್ಯ, ತೀರ್ಪು ಮಾತ್ರ ಬೇರೆ!

ಈ ರಕ್ತದ ಲೆಕ್ಕವನ್ನು ನಾನು ಬಹಳ ಹುಷಾರಾಗಿ ನೋಡುತ್ತೇನೆ. ಸತ್ತ ಸ್ವಲ್ಪ ಹೊತ್ತಿನಲ್ಲೇ ಕುತ್ತಿಗೆಯ, ತೊಡೆಯ ದೊಡ್ಡ ರಕ್ತನಾಳಗಳನ್ನು ಕತ್ತರಿಸಿದರೆ ರಕ್ತ ತಾನಾಗಿಯೇ ಹರಿದುಹೋಗುತ್ತದೆ. ಬದುಕಿದ್ದಾಗ ಗಂಟಲು ಕೊಯ್ದರೂ ದೇಹ ಬಿಳಿಚುತ್ತದೆ. ಬರೀ ಮುಂಡ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಬದುಕಿದ್ದಾಗ ಆದ ಗಾಯವಾದರೆ ಅಂಚಿನ ಮಾಂಸದೊಳಗೆ ರಕ್ತ ಇಳಿದಿರುತ್ತದೆ. ಆದರೆ ಕೊಲೆಗಾರನ ಮೊದಲ ಗಾಯದ ಮೇಲೆಯೇ ಆಮೇಲೆ ತುಂಡು ಮಾಡುವ ಕತ್ತಿ ಹರಿದಿದ್ದರೆ? ಆ ಗುರುತೂ ಹೋಯಿತು.

ಕೊಲೆಯಲ್ಲದ ದಾರಿಗಳನ್ನೂ ನೋಡಬೇಕು, ಅಲ್ವಾ? 1861ರ ಕಾನೂನಿನ ಪ್ರಕಾರ ಆಗ ಇಂಗ್ಲೆಂಡಿನಲ್ಲಿ ಗರ್ಭಪಾತ ಮಾಡಿಸುವುದು ದೊಡ್ಡ ಅಪರಾಧವಾಗಿತ್ತು. ಕದ್ದು ಮಾಡುವಾಗ ಹೆಂಗಸು ಸತ್ತರೆ ಮಾಡಿದವರಿಗೆ ಶಿಕ್ಷೆಯ ಭಯ. ಹೆಣ ಮಾಯ ಮಾಡಲು ಅಷ್ಟು ಕಾರಣ ಸಾಕು. ನೆಲಮಾಳಿಗೆಯ ಮುಂಡದಲ್ಲಿ ಕಿಬ್ಬೊಟ್ಟೆಯೊಳಗಿನ ಅಂಗಗಳು, ಗರ್ಭಕೋಶವೂ ಸೇರಿ, ಇರಲೇ ಇಲ್ಲ. ಹಾಗಾಗಿ ಈ ಅನುಮಾನವನ್ನು ಖಚಿತ ಮಾಡಲೂ ಆಗದು, ತಳ್ಳಿಹಾಕಲೂ ಆಗದು.

1889ರ ಜೂನ್‌ನಲ್ಲಿ ಥೇಮ್ಸ್‌ನಲ್ಲಿ ತುಂಡುತುಂಡಾಗಿ ಸಿಕ್ಕ ಎಲಿಜಬೆತ್ ಜಾಕ್ಸನ್ ಗರ್ಭಿಣಿಯಾಗಿದ್ದಳು. ಮಣಿಕಟ್ಟಿನ ಹಳೇ ಗಾಯದ ಗುರುತು ಮತ್ತು ಬಟ್ಟೆಯಿಂದ ಅವಳು ಯಾರೆಂದು ಗೊತ್ತಾಯಿತು. ಅಲ್ಲಿಯೂ ತಲೆ ಸಿಗಲಿಲ್ಲ, ಆದರೂ ಜ್ಯೂರಿ ಕೊಲೆ ಎಂದಿತು. ಹೆಸರು ಸಿಕ್ಕರೆ ಅವಳು ಯಾರ ಜೊತೆ ಇದ್ದಳು, ಕೊನೆಗೆ ಎಲ್ಲಿ ಕಂಡಳು ಎಂದು ಹುಡುಕಬಹುದು. ದೇಹ ಹೇಳದ್ದನ್ನು ಎಷ್ಟೋ ಸಲ ಆ ಹುಡುಕಾಟ ಹೇಳುತ್ತದೆ.

ನೆಲಮಾಳಿಗೆಯ ಹೆಂಗಸಿಗೆ ಆ ಹೆಸರೂ ಇಲ್ಲ. ಅವಳನ್ನು ಕೊಂದಿರಬಹುದು ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೂ ನನ್ನ ರಿಪೋರ್ಟಿನಲ್ಲಿ 'ಸಾವಿನ ಕಾರಣ ಖಚಿತಪಡಿಸಲಾಗಿಲ್ಲ' ಎಂದೇ ಬರೆಯುತ್ತಿದ್ದೆ. ತಲೆಬುರುಡೆಗೆ ಬಿದ್ದ ಪೆಟ್ಟು, ಕೊಯ್ದ ಗಂಟಲು, ಕೈಯಿಂದ ಹಿಸುಕಿದಾಗ ಮುರಿಯಬಹುದಾದ ನಾಲಿಗೆಯ ಬುಡದ ಆ ಪುಟ್ಟ ಹಯಾಯ್ಡ್ ಮೂಳೆ, ನಾನು ಮೊದಲು ನೋಡುತ್ತಿದ್ದದ್ದು ಇವನ್ನೇ. ಅವೆಲ್ಲ ಆ ಸಿಗದ ತಲೆಯ ಜೊತೆಗೇ ಹೋಗಿವೆ.