ಲಿನಕ್ಸ್ ಕರ್ನಲ್ ಇಮೇಲ್ ಬಿಡಲಿಲ್ಲ, ಪೈಥಾನ್ ಬಿಟ್ಟಿತು

ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಲಿನಕ್ಸ್ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ ಇದೆ ಅಲ್ವಾ, ಅದು ಇವತ್ತಿಗೂ ಬೆಳೆಯುತ್ತಿರುವುದು ಹೆಚ್ಚಾಗಿ ಇಮೇಲ್ ಮೂಲಕ. ಅದರ ಮೇಲಿಂಗ್ ಲಿಸ್ಟಿಗೆ, ಅಂದರೆ ಒಬ್ಬರು ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ವಿಳಾಸಕ್ಕೆ, ದಿನಕ್ಕೆ ನೂರಾರು ಮೇಲ್ ಬರುತ್ತವೆ. ಆದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟುವವರು 2022ರಲ್ಲಿ ತಮ್ಮ ಮುಖ್ಯ ಲಿಸ್ಟನ್ನು ಬಿಟ್ಟು ಡಿಸ್ಕೋರ್ಸ್ ಎಂಬ ವೆಬ್ ಫೋರಂಗೆ ಹೋದರು. ನನ್ನ ಪ್ರಕಾರ ಇಬ್ಬರೂ ಮಾಡಿದ್ದು ಸರಿ. ಯಾಕೆಂದರೆ ಇಬ್ಬರ ಚರ್ಚೆಯಲ್ಲಿ ಓಡಾಡುವ ಸರಕೇ ಬೇರೆ.

ಕರ್ನಲ್‌ನವರಿಗೆ ಮೇಲ್ ಅಂದರೆ ಬರೀ ಮಾತಲ್ಲ, ಅದೇ ಕೆಲಸ. ಯಾರೋ ಒಂದು ಬಗ್ ಸರಿಮಾಡಿದರು ಅನ್ನಿ. ಬದಲಾದ ಸಾಲುಗಳನ್ನು ಪ್ಯಾಚ್, ಅಂದರೆ ಬದಲಾವಣೆಯ ಪಟ್ಟಿ ಮಾಡಿ ಮೇಲ್‌ನಲ್ಲೇ ಕಳಿಸುತ್ತಾರೆ. ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ಓದಿದವರು ರಿಪ್ಲೈ ಒತ್ತಿ, ತಪ್ಪು ಕಂಡ ಸಾಲಿನ ಕೆಳಗೇ ‘ಇಲ್ಲಿ ಲಾಕ್ ಬಿಡುವುದು ಮರೆತುಹೋಗಿದೆ’ ಎಂದು ಬರೆಯುತ್ತಾರೆ. ಎಲ್ಲ ಸರಿಯಾದ ಮೇಲೆ ಆ ಭಾಗದ ಹೊಣೆ ಹೊತ್ತ ಮೇಂಟೇನರ್ ಆ ಮೇಲನ್ನು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ಆಯಿತು. ಬರೆದವರ ಹೆಸರು, ವಿವರಣೆ, ಕೋಡ್ ಎಲ್ಲ ಒಟ್ಟಿಗೇ ಸೇರುತ್ತವೆ. ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೂ ಪ್ಯಾಚ್ ಕೂರುವುದಿಲ್ಲ. ಅದಕ್ಕೇ ಬಣ್ಣ, ದಪ್ಪಕ್ಷರ ಹಾಕಿದ ಎಚ್‌ಟಿಎಂಎಲ್ ಮೇಲನ್ನು ಆ ಲಿಸ್ಟ್ ಒಳಗೇ ಬಿಡುವುದಿಲ್ಲ.

ಇದರ ಹಿಂದಿರುವ ಉಪಾಯ ಬಲು ಸರಳ. ಪ್ರತಿ ಮೇಲಿಗೂ ಮೆಸೇಜ್-ಐಡಿ ಎಂಬ ಗುರುತು ಇರುತ್ತದೆ. ನೀವು ಉತ್ತರ ಬರೆದರೆ, ಯಾವ ಐಡಿಗೆ ಉತ್ತರ ಅನ್ನುವುದು ನಿಮ್ಮ ಮೇಲ್‌ನ ಹೆಡರ್‌ನಲ್ಲಿ, ಅಂದರೆ ತಲೆಭಾಗದ ವಿವರಗಳಲ್ಲಿ ಸೇರುತ್ತದೆ. ಇಷ್ಟಿದ್ದರೆ ಸಾಕು, ಯಾವ ಕಂಪ್ಯೂಟರ್ ಬೇಕಾದರೂ ಇಡೀ ಚರ್ಚೆಯನ್ನು ಕವಲು ಕವಲಾಗಿ ಜೋಡಿಸಿ ತೋರಿಸಬಲ್ಲದು. ಪ್ರತಿ ಸದಸ್ಯರ ಬಳಿಯೂ ಒಂದು ಪ್ರತಿ ಇರುತ್ತದೆ. ಕರ್ನಲ್ ಲಿಸ್ಟಿನ ಹಳೆಯ ಮೇಲ್‌ಗಳನ್ನಂತೂ ಗಿಟ್‌ನಲ್ಲೇ ಇಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನಗೆ ತುಂಬಾ ಇಷ್ಟವಾಗುವ ವಿಷಯ ಇದು.

ಪೈಥಾನ್‌ನವರ ಲಿಸ್ಟಿನಲ್ಲಿ ಓಡಾಡುತ್ತಿದ್ದುದು ಮುಖ್ಯವಾಗಿ ಪ್ರಸ್ತಾಪಗಳು, ವಾದಗಳು. 2018ರಲ್ಲಿ ಕೋಲನ್ ಮತ್ತು ಸಮ ಚಿಹ್ನೆ ಸೇರಿದ ಒಂದು ಹೊಸ ಆಪರೇಟರ್ ಬೇಕೋ ಬೇಡವೋ ಎಂದು ಮುಗಿಯದ ಚರ್ಚೆ ನಡೆಯಿತು. ಅದು ಒಪ್ಪಿಗೆಯಾದ ಕೂಡಲೇ, ಭಾಷೆ ಹುಟ್ಟುಹಾಕಿದ ಗೀಡೊ ವಾನ್ ರಾಸಮ್, ಒಂದು ಪ್ರಸ್ತಾಪಕ್ಕೆ ಇಷ್ಟು ಹೋರಾಡಲು ಇನ್ನು ಮನಸ್ಸಿಲ್ಲ ಎಂದು ಬರೆದು ನಾಯಕತ್ವ ಬಿಟ್ಟರು. ಫೋರಂ ಇದ್ದಿದ್ದರೆ ಜಗಳವೇ ಆಗುತ್ತಿರಲಿಲ್ಲ ಎಂದು ಹೇಳಲಾಗದು. ಆದರೆ ಕಳಿಸಿದ ಮೇಲನ್ನು ವಾಪಸ್ ಪಡೆಯಲು, ತಿದ್ದಲು ಆಗುವುದಿಲ್ಲ. ಫೋರಂನಲ್ಲಿ ದಾರಿ ತಪ್ಪಿದ ಮಾತನ್ನು ಬೇರೆ ವಿಷಯವಾಗಿ ಎತ್ತಿಡಬಹುದು, ಬಿಸಿಯೇರಿದರೆ ಸ್ವಲ್ಪ ಹೊತ್ತು ಬೀಗ ಹಾಕಬಹುದು. ನಿನ್ನೆ ಬಂದವರೂ ಕಳೆದ ತಿಂಗಳ ಚರ್ಚೆಗೆ ಸುಮ್ನೆ ಒಂದು ಬಟನ್ ಒತ್ತಿ ಉತ್ತರಿಸಬಹುದು.

ಮೇಲಿಂಗ್ ಲಿಸ್ಟಿಗೆ ಹೊರಗಿನಿಂದಲೂ ಪೆಟ್ಟು ಬಿತ್ತು. 2014ರ ಏಪ್ರಿಲ್‌ನಲ್ಲಿ ಯಾಹೂ, ತನ್ನ ಹೆಸರಲ್ಲಿ ಬಂದು, ನಿಜಕ್ಕೂ ತನ್ನಿಂದಲೇ ಬಂದಿದೆಯೇ ಎಂಬ ಪರೀಕ್ಷೆಯಲ್ಲಿ ಪಾಸಾಗದ ಮೇಲನ್ನು ತಿರಸ್ಕರಿಸಿ ಎಂದು ಎಲ್ಲ ಸರ್ವರ್‌ಗಳಿಗೆ ಸಾರಿತು. ಉದ್ದೇಶ ಮೋಸ ತಡೆಯುವುದು. ಆದರೆ ಲಿಸ್ಟ್‌ಗಳು ಮೇಲನ್ನು ತಮ್ಮ ಸರ್ವರ್‌ನಿಂದ ಕಳಿಸುತ್ತವೆ, ಕೆಳಗೆ ಒಂದು ಅಡಿಟಿಪ್ಪಣಿಯನ್ನೂ ಅಂಟಿಸುತ್ತವೆ. ಅಲ್ಲಿಗೆ ಮೂಲದ ಡಿಜಿಟಲ್ ಸಹಿ ಕೆಡುತ್ತದೆ. ಯಾಹೂ ಸದಸ್ಯರು ಬರೆದದ್ದು ಬೇರೆಯವರಿಗೆ ತಲುಪದೆ ಬೌನ್ಸ್ ಆಯಿತು. ಬೌನ್ಸ್ ಜಾಸ್ತಿಯಾಗಿದ್ದಕ್ಕೆ, ಆ ಮೇಲ್ ತಲುಪಬೇಕಿದ್ದ, ತಪ್ಪೇ ಮಾಡದ ಸದಸ್ಯರನ್ನು ಕೆಲವು ಲಿಸ್ಟ್‌ಗಳು ತಾವಾಗಿಯೇ ಅಮಾನತು ಮಾಡಿದವು.

ಹೊಸ ಪ್ರಾಜೆಕ್ಟ್ ಶುರು ಮಾಡುವವರು ಕೇಳಿದರೆ ನಾನು ಫೋರಂ ಅನ್ನುತ್ತೇನೆ, ಕೋಡ್ ಮೇಲ್‌ನಲ್ಲಿ ಓಡಾಡದಿದ್ದರೆ. ಒಂದೇ ಷರತ್ತು: ಫೋರಂನ ಎಲ್ಲ ಚರ್ಚೆ ಒಂದೇ ಡೇಟಾಬೇಸಿನಲ್ಲಿ ಕೂತಿರುತ್ತದೆ, ಹಾಗಾಗಿ ಸಾರ್ವಜನಿಕ ಚರ್ಚೆಯ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು.